ಸೂಜಿಗೊಂದು ಕುರ್ಚಿ

ಏಪ್ರಿಲ್ ೨

ಒಂದನೇ ತರಗತಿಗೆ ಬರಲಿರುವ ಮಕ್ಕಳ ಮನೆಯವರಿಗೆ,

ನಮಸ್ಕಾರ. ನಿಮ್ಮ ಮಗುವಿನ ಹೆಸರು ನಮ್ಮ ಹಾಜರಿ ಪುಸ್ತಕಕ್ಕೆ ಬಂದಾಗಿದೆ, ಇನ್ನು ಮಗು ಬರುವುದೊಂದೇ ಬಾಕಿ. ಜೂನ್ ಒಂಬತ್ತು, ಸೋಮವಾರ ಬೆಳಿಗ್ಗೆ ಶಾಲೆಯ ಬಾಗಿಲು ತೆರೆಯುತ್ತದೆ. ಅಂದು ಪಾಠವಿಲ್ಲ. ಅಂದು ನೀವೇ ಪಾಠ.

ಹೊಸಬರಿಗೆ ನಮ್ಮಲ್ಲಿನ ಎರಡು ರೂಢಿಗಳನ್ನು ತಿಳಿಸಬೇಕು. ಈ ಶಾಲೆ ಶುರುವಾದ ವರ್ಷ ಬೆಂಚುಗಳು ಬರುವುದು ತಡವಾಯಿತಂತೆ. ಮಕ್ಕಳನ್ನು ತಣ್ಣನೆಯ ನೆಲದ ಮೇಲೆ ಕೂರಿಸಲು ಮನಸ್ಸಾಗದೆ ಮನೆಯವರೇ ಒಂದೊಂದು ಆಸನ ಹೊತ್ತು ತಂದರು. ಆಮೇಲೆ ಬೆಂಚುಗಳು ಬಂದವು, ರೂಢಿ ಮಾತ್ರ ಹೋಗಲಿಲ್ಲ. ಒಂದನೇ ತರಗತಿಯ ಮಗು ಮೊದಲ ವರ್ಷ ತನ್ನ ಮನೆಯ ಆಸನದಲ್ಲೇ ಕೂರುತ್ತದೆ. ಕುರ್ಚಿಯೋ ಪೆಟ್ಟಿಗೆಯೋ ಮುರಿದ ಸ್ಟೂಲೋ, ಏನಾದರೂ ಸರಿ. ಹೊಸದನ್ನು ಕೊಳ್ಳಬೇಕೆಂದಿಲ್ಲ.

ಎರಡನೆಯದು ಪರಿಚಯ. ಮಗುವಿನವರು ಎಂದು ಯಾರೆಲ್ಲ ಇದ್ದೀರೋ ಅವರೆಲ್ಲ ಬನ್ನಿ. ನಿಮ್ಮನ್ನು ತರಗತಿಗೆ ಪರಿಚಯ ಮಾಡಿಸುವುದು ನಿಮ್ಮ ಮಗು. ದಯವಿಟ್ಟು ಮನೆಯಲ್ಲಿ ಉರು ಹೊಡೆಸಬೇಡಿ. ಮಗು ಹೇಳಿದ್ದನ್ನು ನಾವು ತಿದ್ದುವುದಿಲ್ಲ. ಹೋದ ವರ್ಷ ಒಬ್ಬ ಹುಡುಗ ತನ್ನ ತಂದೆಯನ್ನು ತೋರಿಸಿ “ಇವರು ನಮ್ಮಮ್ಮನ ಗಂಡ” ಎಂದ. ಅದೂ ಸರಿಯೇ ತಾನೆ?

ನಿಮ್ಮ ದಾರಿ ಕಾಯುವ,
ಒಂದನೇ ತರಗತಿಯ ಟೀಚರ್


ಏಪ್ರಿಲ್ ೯

ತಮ್ಮಾ,

ನೀನು ಚೆನ್ನಾಗಿದ್ದೀಯ ಎಂದುಕೊಂಡೇ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಬಯ್ಯಲು ಮನಸ್ಸು ಬರುವುದಿಲ್ಲ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಮ್ಮಿಬ್ಬರಿಗೂ ಮಾತು ಬರುವುದಿಲ್ಲ, ಜಗಳ ಬರುತ್ತದೆ. ನಿನ್ನ ಮಗಳ ಕೈಗೆ ಕೊಟ್ಟರೆ ಅವಳು ಅದನ್ನು ಹೊಲಿಗೆ ಮಿಷನ್ನಿನ ಪಕ್ಕ ಇಟ್ಟು ಆಡಲು ಹೋಗುತ್ತಾಳೆ. ಎಷ್ಟೋ ಸಲ ನೀನು ಬರೀ ಮಿಷನ್ನಿನ ಸದ್ದು ಕೇಳಿ ಫೋನ್ ಇಟ್ಟಿದ್ದೀಯ ಎಂಬುದು ನನಗೆ ಗೊತ್ತು.

ಶಾಲೆಯಿಂದ ಬಂದ ಕಾಗದವನ್ನು ಇದರ ಜೊತೆಗೇ ಇಟ್ಟಿದ್ದೇನೆ, ಓದು. ಹೌದು ಕಣೋ, ಸೂಜಿ ಒಂದನೇ ತರಗತಿ. ನಾನಿಟ್ಟ ಹೆಸರು ಅವಳಿಗೆ ಚೆನ್ನಾಗಿಯೇ ಒಪ್ಪಿದೆ. ಎಲ್ಲಿ ಹುಡುಕಿದರೂ ಸಿಗುವುದಿಲ್ಲ, ಹುಡುಕುವುದು ಬಿಟ್ಟ ಕೂಡಲೇ ಚುಚ್ಚುತ್ತಾಳೆ. ಅವಳ ತಾಯಿ ತೀರಿಕೊಂಡಾಗ ಒಂದೂವರೆ ವರ್ಷದ ಕೂಸನ್ನು ನನ್ನ ಮಡಿಲಿಗೆ ಹಾಕಿ ನೀನು ಹೇಳಿದ್ದು ನೆನಪಿದೆಯೇ? “ಬಂದರಿನಲ್ಲಿ ದೋಣಿ ಕಟ್ಟೋ ಕೆಲಸ ಸಿಕ್ಕಿದೆ ಅಕ್ಕಾ, ಒಂದು ದೋಣಿ ಮುಗಿಸಿ ಬಂದುಬಿಡ್ತೀನಿ” ಅಂದೆ. ಆಮೇಲೆ ಎಷ್ಟು ದೋಣಿ ನೀರಿಗಿಳಿದವೋ ನಿನಗೇ ಗೊತ್ತು.

ಹೋದ ಸಲ ನೀನು ಬಂದಾಗ ಅವಳು ಬಟ್ಟೆಯ ಗಂಟುಗಳ ಹಿಂದೆ ಅಡಗಿದವಳು ಹೊರಗೆ ಬರಲೇ ಇಲ್ಲ. ನೀನು ಒಂದು ದಿನ ಮೊದಲೇ ಹೊರಟುಬಿಟ್ಟೆ. ಆಮೇಲೆ ಬರಲೂ ಇಲ್ಲ. ಆಗ ಅವಳು ನಾಲ್ಕರ ಮಗು. ನೀನು ಎಷ್ಟರ ಮಗುವಾಗಿದ್ದೆ?

ಇರಲಿ. ನೀನು ಬಡಗಿ, ನಿನ್ನ ಮಗಳಿಗೆ ನಾನು ಸಂತೆಯಿಂದ ಪ್ಲಾಸ್ಟಿಕ್ ಸ್ಟೂಲು ತಂದು ಕೊಡುವುದೇ? ಒಂದು ಕುರ್ಚಿ ಮಾಡಿಕೊಡು. ತರುವವನು ನೀನೇ ಆದರೆ ಇನ್ನೂ ಒಳ್ಳೆಯದು. ಆವತ್ತು ಅವಳು ಎದ್ದು ನಿಂತು ಯಾರನ್ನಾದರೂ ತೋರಿಸಿ “ಇವರು ನಮ್ಮಪ್ಪ” ಎನ್ನಬೇಕಲ್ಲ. ತೋರಿಸಲು ಒಬ್ಬ ಇರಬೇಕು.

ಬಯ್ಗುಳ ಇನ್ನೂ ಉಳಿಸಿಕೊಂಡಿರುವ,
ನಿನ್ನ ಅಕ್ಕ


ಏಪ್ರಿಲ್ ೨೪

ಅಕ್ಕನಿಗೆ ನಮಸ್ಕಾರ.

ಕಾಗದ ತಲುಪಿತು. ಕುರ್ಚಿ ನಾನೇ ಮಾಡುತ್ತೇನೆ. ಪ್ಲಾಸ್ಟಿಕ್ ಸ್ಟೂಲು ತಂದೆಯೋ, ನನ್ನ ಮರ್ಯಾದೆ ಹೋಯಿತೆಂದು ತಿಳಿ. ಇಲ್ಲಿ ದೋಣಿಯ ಪಕ್ಕೆಗೆ ತಂದ ಮರದಲ್ಲಿ ಒಂದು ಒಳ್ಳೆಯ ತುಂಡು ಉಳಿದಿದೆ. ಮೊಳೆ ಹೊಡೆಯುವುದಿಲ್ಲ, ಎಲ್ಲ ಮರದ ಬೆಣೆಯೇ.

ಅಳತೆ ಕಳಿಸಬೇಡ. ನನ್ನ ಮಗಳ ಅಳತೆಯನ್ನು ನಾನು ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾಗಿಲ್ಲ. ನಿನ್ನ ಕತ್ತರಿಸುವ ಮೇಜಿನ ಪಕ್ಕ ನಿಂತರೆ ಅವಳ ತಲೆ ಡ್ರಾಯರಿನ ಹಿಡಿಗೆ ಬರುತ್ತದೆ. ಕಣ್ಣು ಮುಚ್ಚಿದರೆ ಕಾಣುತ್ತದೆ.

ಬರುವ ವಿಷಯ. ದೊಡ್ಡ ದೋಣಿಯೊಂದು ಜೂನಿನಲ್ಲಿ ನೀರಿಗಿಳಿಯಬೇಕು. ಮೇಸ್ತ್ರಿ ರಜೆ ಕೊಡುವುದು ಕಷ್ಟ. ನೋಡೋಣ.

ಆ ಟೀಚರ್ ಬರೆದ ಪರಿಚಯದ ಮಾತನ್ನು ಮೂರು ನಾಲ್ಕು ಸಲ ಓದಿದೆ. ಮನೆಯಲ್ಲಿ ನನ್ನ ಮಾತು ಬಂದಾಗ ಅವಳು ನನ್ನನ್ನು ಏನೆಂದು ಕರೆಯುತ್ತಾಳೆ? ಸುಮ್ಮನೆ ಕೇಳಿದೆ.

ತಮ್ಮ


ಮೇ ೬

ತಮ್ಮಾ,

“ಸುಮ್ಮನೆ ಕೇಳಿದೆ” ಅಂತೆ. ಇರಲಿ, ಸುಮ್ಮನೆ ಹೇಳುತ್ತೇನೆ. “ದೋಣಿಯವರು” ಎನ್ನುತ್ತಾಳೆ. “ದೋಣಿಯವರು ಫೋನ್ ಮಾಡಿದ್ರು ಅತ್ತೆ”, “ದೋಣಿಯವರು ಕಳ್ಸಿದ ಫ್ರಾಕು ಬಿಗಿ ಆಗುತ್ತೆ ಅತ್ತೆ”. ಹಾಲಿನವರು, ಪೇಪರಿನವರು ಎಂದಂತೆ. “ನಿಮ್ಮಪ್ಪ ಅನ್ನು” ಎಂದು ನಾನು ಹೇಳಿಕೊಟ್ಟಿದ್ದೆ. “ನಮ್ಮಪ್ಪ ಅಂದ್ರೆ ಯಾರು?” ಎಂದಳು. “ದೋಣಿಯವರೇ” ಎಂದೆ. “ಹಾಗಿದ್ರೆ ದೋಣಿಯವರು ಅಂದ್ರೆ ಸಾಕಲ್ಲ” ಎಂದಳು. ಇವಳ ಜೊತೆ ವಾದ ಮಾಡಿ ಗೆದ್ದವರುಂಟೇ?

ಹೋದ ವಾರ ಟೀಚರ್ ಮನೆಗೇ ಬಂದಿದ್ದರು. ಶಾಲೆ ಶುರುವಾಗುವ ಮೊದಲು ಪ್ರತಿ ಮಗುವಿನ ಮನೆಗೂ ಹೋಗುವುದು ಅವರ ಕ್ರಮವಂತೆ. ವಯಸ್ಸಾದ ಹೆಂಗಸಲ್ಲ, ಆದರೆ ಮಾತಿನಲ್ಲಿ ಅಜ್ಜಿ. ಕೂರುವುದಕ್ಕೆ ಮೊದಲೇ ಅವರ ಅಂಗಿಯ ಒಂದು ಗುಂಡಿ ಬಿದ್ದಿರುವುದನ್ನು ಸೂಜಿ ತೋರಿಸಿದಳು. ಹೊಲಿದು ಕೊಟ್ಟೆ. ಅಲ್ಲಿಂದ ಇಬ್ಬರಿಗೂ ಗೆಳೆತನವಾಯಿತು. ಸೂಜಿ ಅವರಿಗೆ ಮನೆಯನ್ನೆಲ್ಲ ಪರಿಚಯ ಮಾಡಿಸಿದಳು. ಇದು ನಮ್ಮ ಮಿಷನ್ನು, ಇದು ಇಸ್ತ್ರಿಪೆಟ್ಟಿಗೆ, ಮುಟ್ಟಬಾರದು, ಇವರು ನಮ್ಮತ್ತೆ, ಇವರನ್ನೂ ಕೆಲಸದ ಹೊತ್ತಲ್ಲಿ ಮುಟ್ಟಬಾರದು. ಗೋಡೆಯ ಮೇಲಿನ ನಿನ್ನ ಫೋಟೋ ಬಂದಾಗ “ಅದು ಫೋಟೋ” ಎಂದು ಮುಂದೆ ಹೋದಳು. ಟೀಚರ್ ನನ್ನ ಮುಖ ನೋಡಿದರು. ನಾನು ಕತ್ತರಿಯ ಮುಖ ನೋಡಿದೆ.

ಅಳತೆಯ ಜಂಬ ಬಿಡು ತಮ್ಮಾ. ಊರ ಮಕ್ಕಳ ಯೂನಿಫಾರಂ ಎಲ್ಲ ಹೊಲಿಯುವವಳು ನಾನು. ಬೇಸಿಗೆ ರಜೆಯಲ್ಲಿ ಮಕ್ಕಳು ಕದ್ದು ಬೆಳೆಯುತ್ತಾರೆ, ಅದಕ್ಕೇ ಅಂಚಿನಲ್ಲಿ ಒಳಗೆ ಬಟ್ಟೆ ಬಿಟ್ಟು ಮಡಿಚುತ್ತೇವೆ. ನೀನು ಕಣ್ಣು ಮುಚ್ಚಿ ಮಾಡುತ್ತೇನೆ ಎನ್ನುತ್ತೀಯ. ಕಳಿಸಬೇಡ ಎಂದೆಯಲ್ಲ, ಸರಿ, ಕಳಿಸುವುದಿಲ್ಲ. ನಾನೂ ನಿನ್ನ ಅಕ್ಕನೇ.

ಅಕ್ಕ


ಮೇ ೧೭

ಅಕ್ಕನಿಗೆ ನಮಸ್ಕಾರ.

ಕುರ್ಚಿ ಆಯಿತು. ಮೀನಿನ ಲಾರಿಯ ಡ್ರೈವರ್ ಆ ಕಡೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಸ್ವಲ್ಪ ವಾಸನೆ ಬಂದರೆ ಬಿಸಿಲಿಗಿಡು. ಒರಗುವ ಹಲಗೆಯನ್ನು ದೋಣಿಯ ಮೂತಿಯ ಹಾಗೆ ಬಾಗಿಸಿದ್ದೇನೆ, ಹಬೆಯಲ್ಲಿ ಬೇಯಿಸಿ ಬಗ್ಗಿಸಬೇಕು, ಎರಡು ಸಲ ಸೀಳಿತು, ಮೂರನೆಯದು ನಿಂತಿತು. ಗಟ್ಟಿಯಿದೆಯೋ ನೋಡಲು ಇಲ್ಲಿನವರೆಲ್ಲ ಒಬ್ಬೊಬ್ಬರಾಗಿ ಕೂತರು. ಮೇಸ್ತ್ರಿಯೂ ಕೂತ. ಅವನು ಎದ್ದಾಗ ಕುರ್ಚಿಯೂ ಜೊತೆಗೇ ಎದ್ದಿತು. ಎಳೆದು ಬಿಡಿಸಬೇಕಾಯಿತು. ಕುರ್ಚಿಗೆ ಏನೂ ಆಗಲಿಲ್ಲ.

ಕೂತ ಮೇಲೆ ಅವಳು ಏನಂದಳು ಎಂದು ಬರೆ. ಹೇಗೆ ಹೇಳಿದಳೋ ಹಾಗೆಯೇ ಬರೆ. ರಜೆಯ ಮಾತನ್ನು ಇನ್ನೂ ಎತ್ತಿಲ್ಲ.

ತಮ್ಮ


ಮೇ ೨೧

ತಮ್ಮಾ,

ಕುರ್ಚಿ ಬಂತು. ಅಂಥ ಕೆಲಸವನ್ನು ನಾನು ಎಲ್ಲೂ ಕಂಡಿಲ್ಲ. ಬೀದಿಯವರೆಲ್ಲ ಬಂದು ಕೈಯಾಡಿಸಿ ನೋಡಿ ಹೋದರು. ಮೊದಲು ಇದನ್ನು ಹೇಳಿಬಿಟ್ಟೆ, ಯಾಕೆಂದರೆ ಮುಂದಿನದನ್ನು ಓದಲು ನಿನಗೆ ಕಷ್ಟವಾಗುತ್ತದೆ.

ಚಿಕ್ಕದಾಯಿತು ಕಣೋ. ಸ್ವಲ್ಪ ಅಲ್ಲ, ತುಂಬಾ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ಇವಳು ಕುರ್ಚಿ ಇದ್ದಷ್ಟು ಕಾಲು ಮಡಚಿಕೊಂಡು ಕೂತಳು. ಮೊಣಕಾಲು ಗಲ್ಲಕ್ಕೆ ಬಂತು. ಹಾಗೆಯೇ ಸ್ವಲ್ಪ ಹೊತ್ತು ಕೂತಿದ್ದು, ಎದ್ದು, ಒರಗುವ ಹಲಗೆಯನ್ನು ಸವರಿ ಕೇಳಿದಳು: “ತುಂಬಾ ಚೆನ್ನಾಗಿದೆ ಅತ್ತೆ. ಇದು ಯಾವ ಪಾಪುಗೆ?”

ಹೇಗೆ ಹೇಳಿದಳೋ ಹಾಗೆಯೇ ಬರೆ ಎಂದಿದ್ದೆ, ಬರೆದಿದ್ದೇನೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಬೇಕಾದಷ್ಟು ಕಂಡಿದ್ದೇನೆ. ಕೂಸು ಬೆಳೆದ ಮೇಲೆ ಕುಲಾವಿ ಕಳಿಸಿದವನು ನೀನೊಬ್ಬನೇ. ಡ್ರಾಯರಿನ ಹಿಡಿಗೆ ತಲೆ ಬರುತ್ತಿದ್ದವಳು ಹೋದ ಸಲ ನೀನು ನೋಡಿದವಳು. ಅವಳು ಈಗ ಎಲ್ಲೂ ಇಲ್ಲ. ಈಗಿನವಳು ಅದೇ ಮೇಜಿನ ಮೇಲೆ ಮೊಣಕೈ ಊರಿ ನನಗೆ ಬುದ್ಧಿ ಹೇಳುತ್ತಾಳೆ.

ನಿನಗೆ ನಗು ಬರಲಿ ಎಂದು ಇಷ್ಟೆಲ್ಲ ಬರೆದೆ, ಬರುವುದಿಲ್ಲ ಎಂದೂ ಗೊತ್ತು. ನನಗೂ ಬರಲಿಲ್ಲ. ಮನೆಯಲ್ಲಿ ಟೇಪು ಕೊರಳಿಗೆ ಹಾಕಿಕೊಂಡೇ ಓಡಾಡುವವಳು ನಾನು. ನಿನ್ನ ಹಟಕ್ಕೆ ನನ್ನ ಹಟ ಸೇರಿತು, ನಡುವೆ ಕೂತವಳು ಮಗು.

ಈ ಲಕೋಟೆಯಲ್ಲಿ ಒಂದು ಬಟ್ಟೆಯ ಪಟ್ಟಿ ಇದೆ. ಅವಳ ಅಂಗಾಲಿನಿಂದ ಮೊಣಕಾಲಿನವರೆಗೆ ಹಿಡಿದು ಕತ್ತರಿಸಿದ್ದು. ಹೊಸ ಕುರ್ಚಿ ಮಾಡು ಎಂದು ಕಳಿಸುತ್ತಿಲ್ಲ. ನೀನು ನೋಡಬೇಕು ಎಂದು ಕಳಿಸಿದ್ದೇನೆ. ಕುರ್ಚಿ ಬೇಡ ಮಾರಾಯ, ನೀನು ಬಾ.

ಅಕ್ಕ


ಮೇ ೨೬

ಅಕ್ಕ,

ಪಟ್ಟಿಯನ್ನು ಹಲಗೆಯ ಮೇಲೆ ಹಾಸಿ ನೋಡಿದೆ. ನೀನು ತಪ್ಪಿ ಬೇರೆ ಮಗುವಿನ ಪಟ್ಟಿ ಕಳಿಸಿದ್ದೀಯ ಎಂದು ಮೊದಲು ಅಂದುಕೊಂಡೆ. ಆಮೇಲೆ ಮಡಿಚಿ ಜೇಬಿಗೆ ಹಾಕಿಕೊಂಡೆ.

ಮೂವತ್ತು ಆಳು ಕೂರುವ ದೋಣಿಗೆ ಗೆರೆ ಎಳೆಯುವವನು ನಾನು. ನನ್ನ ಮಗಳ ಮೊಣಕಾಲು ಎಲ್ಲಿದೆ ಎಂದು ಗೊತ್ತಿಲ್ಲ. ಅಷ್ಟು ಜನರ ಮುಂದೆ ಅವಳು ಎದ್ದು ನಿಂತು ನನ್ನನ್ನು ಏನೆಂದು ಹೇಳಬೇಕು? ಆ ಕಷ್ಟ ಮಗುವಿಗೆ ಬೇಡ. ನೀನೊಬ್ಬಳೇ ಹೋಗು. ಅವಳಿಗೆ ಇರುವವಳು ನೀನು, ಅದೇ ನಿಜ. ಪ್ಲಾಸ್ಟಿಕ್ ಸ್ಟೂಲನ್ನೇ ತಂದುಬಿಡು.

ತಮ್ಮ


ಮೇ ೩೦

ಸೂಜಿಯ ತಂದೆಯವರಿಗೆ,

ನಮಸ್ಕಾರ. ನಾನು ಒಂದನೇ ತರಗತಿಯ ಟೀಚರ್. ನಿಮ್ಮ ವಿಳಾಸವನ್ನು ನಿಮ್ಮ ಅಕ್ಕನವರು ಕೊಟ್ಟರು. ಕೊಡುವಾಗ “ಬರೀರಿ, ಆದ್ರೆ ಅವನು ಬರಲ್ಲ” ಎಂದರು. ಅದಕ್ಕೇ ಬರೆಯುವ ಉಮೇದು ಹೆಚ್ಚಾಯಿತು.

ನೀವು ಮಾಡಿದ ಕುರ್ಚಿಯನ್ನು ನೋಡಿದೆ. ಅಳತೆಯ ಕಥೆಯನ್ನೂ ಕೇಳಿದೆ. ನಮ್ಮಲ್ಲಿ ಪ್ರತಿ ವರ್ಷವೂ ಅಳತೆ ತಪ್ಪಿದ ಆಸನಗಳು ಬರುತ್ತವೆ. ದೂರದಲ್ಲಿರುವವರ ಮನೆಯಿಂದ ಬರುವವು ಬಹುಪಾಲು ಚಿಕ್ಕವು. ನಾನು ಅವುಗಳನ್ನು ನೋಡಿ ನೋಡಿ ಬೇಸರಪಡುವುದನ್ನು ಬಿಟ್ಟಿದ್ದೇನೆ. ಕುರ್ಚಿಯ ಕಾಲನ್ನು ಉದ್ದ ಮಾಡಲು ಬರುತ್ತದೆಯೋ ಇಲ್ಲವೋ ಎಂಬುದನ್ನು ಬಡಗಿಗಳಾದ ನೀವು ಹೇಳಬೇಕು.

ಈಗ ನನ್ನ ಸ್ವಾರ್ಥದ ಮಾತು. ಮೊದಲ ದಿನ ಮನೆಗಳಿಂದ ಬಂದ ಆಸನಗಳಲ್ಲಿ ಅರ್ಧಕ್ಕರ್ಧ ಅಲುಗಾಡುತ್ತವೆ. ಮಕ್ಕಳು ಬೀಳುತ್ತಾರೆ, ಮೊಳೆಗೆ ಬಟ್ಟೆ ಹರಿಯುತ್ತದೆ. ಇಷ್ಟು ವರ್ಷ ನಾನೇ ಸುತ್ತಿಗೆ ಹಿಡಿದು ನನ್ನ ಬೆರಳನ್ನೂ ಸೇರಿಸಿ ಹೊಡೆದುಕೊಂಡಿದ್ದೇನೆ. ಈ ವರ್ಷ ಆ ಬೆಳಿಗ್ಗೆ ಜಗುಲಿಯಲ್ಲಿ ಒಬ್ಬ ಬಡಗಿ ಬೇಕು. ತರಗತಿಯ ಒಳಗೆ ಬರುವುದು ಬಿಡುವುದು ನಿಮಗೆ ಸೇರಿದ್ದು. ಪರಿಚಯದ ಹೊತ್ತಿನಲ್ಲಿ ನೀವು ಕೆಲಸದಲ್ಲಿದ್ದರೆ ಯಾರೂ ಏನೂ ಕೇಳುವುದಿಲ್ಲ. ಉಪಕರಣಗಳನ್ನು ನೀವೇ ತರಬೇಕು. ನಮ್ಮಲ್ಲಿರುವುದು ಒಂದು ಸುತ್ತಿಗೆ, ಅದರ ಹಿಡಿಯೂ ಅಲುಗಾಡುತ್ತದೆ.

ವಿಶ್ವಾಸದಿಂದ,
ಟೀಚರ್


ಜೂನ್ ೪

ಟೀಚರ್ ಅವರಿಗೆ ನಮಸ್ಕಾರ.

ಕಾಲು ಉದ್ದ ಮಾಡಲು ಬರುತ್ತದೆ. ಸೋಮವಾರ ಬೆಳಿಗ್ಗೆ ಜಗುಲಿಯಲ್ಲಿರುತ್ತೇನೆ. ನಿಮ್ಮ ಸುತ್ತಿಗೆಗೂ ಹಿಡಿ ಹಾಕಿಕೊಡುತ್ತೇನೆ. ಅಕ್ಕನಿಗೆ ಹೇಳಬೇಡಿ, ಬರುವವರೆಗೆ ನನಗೂ ನಂಬಿಕೆಯಿಲ್ಲ.

ಸೂಜಿಯ ತಂದೆ


ಜೂನ್ ೧೧

ತಮ್ಮಾ,

ನೀನು ಬಸ್ಸು ಹತ್ತುವಾಗ “ಒಳಗೆ ಅವಳು ಏನಂದ್ಲು ಅಕ್ಕಾ?” ಎಂದು ಕೇಳಿದೆ. ನಾನು “ಬಸ್ಸು ಹೊರಡ್ತಿದೆ, ಹತ್ತು” ಎಂದು ನಿನ್ನ ಬೆನ್ನು ತಳ್ಳಿದೆ. ಡ್ರೈವರ್ ಇನ್ನೂ ಬಂದೇ ಇರಲಿಲ್ಲ, ನನಗೂ ಗೊತ್ತಿತ್ತು. ಮುಖ ನೋಡಿಕೊಂಡು ಹೇಳಲು ಆಗಲಿಲ್ಲ, ಈಗ ಬರೆಯುತ್ತೇನೆ.

ಆವತ್ತು ಬೆಳಿಗ್ಗೆ ಶಾಲೆಯ ಜಗುಲಿಯಲ್ಲಿ ಗರಗಸ ಹಿಡಿದು ಕೂತಿದ್ದ ನಿನ್ನನ್ನು ಕಂಡೆ. ನಿನ್ನನ್ನು ಬಯ್ಯಬೇಕೆಂದು ಇಷ್ಟು ದಿನ ಕೂಡಿಟ್ಟಿದ್ದೆಲ್ಲ ಎಲ್ಲಿ ಹೋಯಿತೋ. ಸೂಜಿ ಕೇಳಿದಳು, “ಅತ್ತೆ, ಅವರು ದೋಣಿಯವರಲ್ವಾ? ಇಲ್ಲಿ ದೋಣಿ ಎಲ್ಲಿದೆ?” ನಾನು ಅವಳ ಕೈ ಹಿಡಿದು ಒಳಗೆ ಹೋದೆ.

ಒಳಗೆ ನೋಡಬೇಕಿತ್ತು ನೀನು. ಒಂದು ಮಗುವಿನ ಅಪ್ಪ ಬಸ್ ಡ್ರೈವರ್, ಹಳೆಯ ಬಸ್ಸಿನ ಸೀಟನ್ನೇ ಕಿತ್ತು ತಂದಿದ್ದ, ಕೂತರೆ ಮಗು ಮೇಲಕ್ಕೆ ಹಾರುತ್ತಿತ್ತು. ಕ್ಷೌರಿಕನ ಮಗ ತಿರುಗುವ ಕುರ್ಚಿಯಲ್ಲಿ ರಾಜನಂತೆ ಕೂತು ಯಾರಿಗೂ ಮುಖ ತೋರಿಸದೆ ಸುತ್ತುತ್ತಿದ್ದ. ಒಬ್ಬ ಅಜ್ಜಿ ತನ್ನ ಟ್ರಂಕು ತಂದಿದ್ದಳು, ಅದಕ್ಕೆ ಬೀಗ, ಬೀಗದ ಕೈ ಕೊರಳಲ್ಲಿ. ಹಿಂದಿನ ದಿನವಷ್ಟೇ ಊರಿಗೆ ಹೊಸದಾಗಿ ಬಂದ ಒಂದು ಮನೆಯವರು ಏನೂ ಗೊತ್ತಿರದೆ ಬರಿಗೈಯಲ್ಲಿ ಬಂದು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಟೀಚರ್ ತಮ್ಮ ಕುರ್ಚಿಯನ್ನೇ ಎಳೆದು ಆ ಮನೆಯ ಹುಡುಗಿಯನ್ನು ಕೂರಿಸಿದರು. “ನನಗೆ ಕೂತು ಅಭ್ಯಾಸವಿಲ್ಲ” ಎಂದರು.

ಪರಿಚಯ ಶುರುವಾಯಿತು. ಸೂಜಿಯ ಸರದಿ ಬಂತು. ನಾವು ಹೊತ್ತು ತಂದ ಕುರ್ಚಿ ಜಗುಲಿಯಲ್ಲಿ ನಿನ್ನ ಹತ್ತಿರ ಇತ್ತಲ್ಲ, ಇವಳು ನಿಂತೇ ಇದ್ದಳು. “ಇವರು ನಮ್ಮತ್ತೆ. ಬಟ್ಟೆ ಹೊಲೀತಾರೆ. ಸಿಟ್ಟು ಜಾಸ್ತಿ, ಆದ್ರೆ ಬೇಗ ಇಳಿಯುತ್ತೆ” ಎಂದಳು. ಎಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಟೀಚರ್, “ಇನ್ಯಾರಾದ್ರೂ ಬಂದಿದಾರಾ ನಿಮ್ಮ ಮನೆಯಿಂದ?” ಎಂದರು.

ಅವಳು ಬಾಗಿಲ ಕಡೆ ನೋಡಿದಳು. “ಬಂದಿದಾರೆ. ಆದ್ರೆ ಅವರು ನಂಗಿನ್ನೂ ಸರಿಯಾಗಿ ಗೊತ್ತಿಲ್ಲ. ಗೊತ್ತಾದ್ಮೇಲೆ ಹೇಳ್ತೀನಿ.”

ಕ್ಷೌರಿಕ ನಗಲು ಹೋದ, ಅವನ ಹೆಂಡತಿ ಮೊಣಕೈಯಿಂದ ತಿವಿದಳು. ಟೀಚರ್ ಮಾತ್ರ ಅದು ದಿನಾ ಕೇಳುವ ಮಾತೇ ಎಂಬ ಹಾಗೆ, “ಆಗ್ಲಿ. ಹಾಗಿದ್ರೆ ನಿನ್ನ ಸರದಿ ಇನ್ನೂ ಮುಗಿದಿಲ್ಲ” ಎಂದು ಮುಂದಿನ ಮಗುವನ್ನು ಕರೆದರು.

ನಿನಗಾಗಿ ಸಂಕಟವಾಯಿತು ತಮ್ಮಾ. ಮಗುವಿಗೆ ಎರಡೇಟು ಹಾಕೋಣ ಅನಿಸಿತು, ಎತ್ತಿ ಮುದ್ದಿಸೋಣ ಎಂದೂ ಅನಿಸಿತು. ಮನೆಗೆ ಬಂದು ಯೋಚಿಸಿದರೆ, ಅವಳು “ಯಾರೂ ಬಂದಿಲ್ಲ” ಎನ್ನಲಿಲ್ಲವಲ್ಲ.

ಅಕ್ಕ


ಜೂನ್ ೧೭

ಅಕ್ಕನಿಗೆ ನಮಸ್ಕಾರ.

ಬಾಗಿಲು ತೆರೆದೇ ಇತ್ತು. ಎಲ್ಲ ಕೇಳಿಸಿತು. ನೀನು ಏನು ಹೇಳುತ್ತೀಯ ನೋಡೋಣ ಎಂದು ಬಸ್ಸಿನ ಹತ್ತಿರ ಕೇಳಿದೆ. ಅಷ್ಟು ಜೋರಾಗಿ ಬೆನ್ನು ತಳ್ಳಬಾರದಿತ್ತು, ಇನ್ನೂ ನೋಯುತ್ತಿದೆ.

ಅವಳ ಮಾತು ಕೇಳಿದಾಗ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟೆ. ನೋವಾಗಲಿಲ್ಲ ಎಂದರೆ ಸುಳ್ಳು. ಹಾಗೇ ಎದ್ದು ಹೋಗಿಬಿಡೋಣ ಎಂದೂ ಅನಿಸಿತು. ಆದರೆ ಆ ಅಜ್ಜಿ ಹೊರಗೆ ಕಳಿಸಿದ್ದ ಟ್ರಂಕಿನ ಕೀಲು ಬಿಚ್ಚಿ ಹಾಕಿದ್ದೆ, ಅರ್ಧಕ್ಕೆ ಬಿಟ್ಟು ಹೋಗುವುದು ಹೇಗೆ. ಕೀಲು ಕೂರಿಸುವಷ್ಟರಲ್ಲಿ ಅವಳೇ ಹೊರಗೆ ಬಂದಳು. ನೀನು ಒಳಗೆ ಆ ಹೊಸ ಮನೆಯವರ ಜೊತೆ ಮಾತಾಡುತ್ತಿದ್ದೆ, ಇದನ್ನು ನೀನು ನೋಡಿಲ್ಲ.

“ನನ್ನ ಕುರ್ಚಿ ಸರದಿ ಯಾವಾಗ?” ಎಂದಳು. “ಈಗಲೇ” ಎಂದೆ. ಮೊದಲು ಜೇಬಿನಲ್ಲಿದ್ದ ಪಟ್ಟಿ ತೆಗೆಯಲು ಹೋದೆ, ಆಮೇಲೆ ತೆಗೆಯಲಿಲ್ಲ. ಕೇಳಿದೆ, “ಅಳತೆ ತಗೋಬಹುದಾ?” ಅವಳೇ ಕಾಲು ಚಾಚಿ, ಟೇಪಿನ ತುದಿಯನ್ನು ತಾನೇ ಹಿಡಿದುಕೊಂಡಳು. “ಸಡಿಲ ಬಿಡ್ಬಾರ್ದು, ಎಳೀಲೂಬಾರ್ದು” ಎಂದು ಹೇಳಿಕೊಟ್ಟಳು. ನಿನ್ನದೇ ಮಾತು ಅದು.

ಕುರ್ಚಿಯ ನಾಲ್ಕು ಕಾಲಿಗೂ ದೋಣಿಯ ಹಲಗೆಗೆ ಹಾಕುವಂತೆ ಓರೆಯಾಗಿ ತುಂಡು ಕೂಡಿಸಿ ಉದ್ದ ಮಾಡಿದೆ. ಕೆಳಗಿನ ತುಂಡು ಕಪ್ಪು, ಮೇಲಿನದು ಬಿಳಿ. ಒಂದೊಂದು ಬೆಣೆಯನ್ನೂ ಅವಳೇ ಆರಿಸಿ ಕೊಟ್ಟಳು. ಕೂತು ನೋಡಿದಳು. “ಸಾಕಾ?” ಎಂದೆ. “ಈಗ ಸಾಕು. ಆದ್ರೆ ನಾನು ಇನ್ನೂ ಬೆಳೀತೀನಿ, ನಿಮಗೆ ಗೊತ್ತಿರಲಿ” ಎಂದಳು.

ಗೊತ್ತಾದ ಮೇಲೆ ಹೇಳುತ್ತೇನೆ ಎಂದಳಲ್ಲ ಅಕ್ಕಾ, ಗೊತ್ತಾಗಬೇಕಾದರೆ ನಾನು ಕಣ್ಣಿಗೆ ಬೀಳಬೇಕಲ್ಲ. ಬರುವ ಶನಿವಾರ ಬರುತ್ತೇನೆ. ಆಮೇಲೂ ಒಂದು ವಾರ ಬಿಟ್ಟು ಒಂದು ವಾರ ಬರುತ್ತೇನೆ. ಮೇಸ್ತ್ರಿಗೆ ಹೇಳಿದ್ದೇನೆ. ಅವನು ಮುಖ ಗಂಟು ಹಾಕಿಕೊಂಡ, ಹಾಕಿಕೊಳ್ಳಲಿ.

ತಮ್ಮ


ಆಗಸ್ಟ್ ೨೦

ತಮ್ಮಾ,

ಭಾನುವಾರ ನೀನು ಹೋದ ಮೇಲೆ ಸೂಜಿ ನನ್ನ ಅಳತೆಯ ಚೀಟಿಗಳ ನಡುವೆ ತಾನೂ ಒಂದು ಬರೆದು ಸಿಕ್ಕಿಸಿದ್ದಾಳೆ. ನಿನ್ನನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿದಿದ್ದಳಲ್ಲ, ಅದೇ. ಅಂಕಿಗಳು ಅಡ್ಡಾದಿಡ್ಡಿ. “ದೋ” ಎಂದು ಬರೆದು ನಿಲ್ಲಿಸಿದ್ದಾಳೆ, “ಣಿ” ಇನ್ನೂ ಕಲಿತಿಲ್ಲವಂತೆ. “ಅತ್ತೆ, ಅವರ ಒಂದು ಭುಜ ಕೆಳಗಿದೆ, ಅಂಗಿ ಹೊಲಿಯುವಾಗ ನೋಡ್ಕೋ” ಎಂದಳು. ಇಷ್ಟು ವರ್ಷ ನಿನಗೆ ಅಂಗಿ ಹೊಲಿದಿದ್ದೇನೆ, ನಾನು ಅದನ್ನು ಗಮನಿಸಿರಲಿಲ್ಲ. ಹಲಗೆ ಹೊತ್ತೂ ಹೊತ್ತೂ ಹಾಗಾಗಿರಬೇಕು.

ಈಗ ಅವಳು ನಿನ್ನಿಂದ ಅಡಗುವುದಿಲ್ಲ. ಶನಿವಾರ ಬಂತೆಂದರೆ ಬಾಗಿಲಿಗೂ ಬೀದಿಗೂ ಓಡಾಡುತ್ತಾಳೆ. ಕೇಳಿದರೆ, “ಸುಮ್ನೆ” ಎನ್ನುತ್ತಾಳೆ. ಈ ಸುಮ್ಮನೆ ಎನ್ನುವ ರೋಗ ಯಾರಿಂದ ಬಂತೆಂದು ಹೇಳಬೇಕಾಗಿಲ್ಲ.

ಒಂದು ಮಾತು ಕೇಳಬೇಕು. ಹಿಂದಿನ ಎರಡು ಸಲ ನೀನು ಬಂದಾಗಲೂ ಬಾಯಿಗೆ ಬಂತು, ಆಡಲಿಲ್ಲ. ಇಸ್ತ್ರಿಯವನು ಮೊನ್ನೆ, “ಇನ್ನೇನು, ಅಪ್ಪ ಮಗಳು ಒಂದಾದ್ರು, ಕರ್ಕೊಂಡು ಹೋಗ್ತಾನೆ ಬಿಡಿ, ನಿಮಗೂ ಆರಾಮ” ಎಂದ. ಅವನ ಬಾಯಿಗೆ ಇಸ್ತ್ರಿ ಹಾಕಬೇಕು. ಆದರೆ ಅವನು ಹೇಳಿದ್ದು ನನ್ನ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದದ್ದೇ. ಏಪ್ರಿಲಿನಲ್ಲಿ ನಿನಗೆ ಬಾ ಎಂದು ಬರೆದ ದಿನವೂ ಇತ್ತು. ಬಾ ಎನ್ನುವವಳೂ ನಾನೇ, ಬಂದರೆ ಎಂದು ನಡುಗುವವಳೂ ನಾನೇ. ಅವಳು ನಿನ್ನ ಮಗಳು, ನಿನಗೆ ಹಕ್ಕಿದೆ. ಕರೆದುಕೊಂಡು ಹೋಗುವ ಯೋಚನೆಯಿದ್ದರೆ ಮೊದಲೇ ಹೇಳು. ಈ ಮನೆ ಖಾಲಿಯಾಗುವುದನ್ನು ನಾನು ತಡೆದುಕೊಳ್ಳುತ್ತೇನೆ, ಆದರೆ ಥಟ್ಟನೆ ಆಗುವುದು ಬೇಡ.

ಅಕ್ಕ


ಆಗಸ್ಟ್ ೨೭

ಅಕ್ಕ,

ಇಂಥ ಮಾತನ್ನು ಇಷ್ಟು ದಿನ ಒಳಗಿಟ್ಟುಕೊಂಡು ನನಗೆ ಊಟ ಬಡಿಸಿದೆಯಲ್ಲ. ನನ್ನನ್ನು ಬಯ್ಯುವುದನ್ನು ಬಿಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು.

ಅವಳನ್ನು ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ. ಅವಳ ಮನೆ ನೀನು. ಬರಬೇಕಾದವನು ನಾನು. ಬಸ್ಸಿನ ಸೀಟು ತಂದಿದ್ದ ಆ ಡ್ರೈವರ್ ಹೋದ ಸಲ ಊರಿಗೆ ಬಂದಾಗ ಸಿಕ್ಕಿದ್ದ. ನಿಮ್ಮ ಊರಿನಲ್ಲೇ ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿದೆಯಂತೆ, ಬಡಗಿ ಬೇಕಂತೆ. ಹೋಗಿ ಮಾತಾಡಿ ಬಂದೆ. ಈಗ ಕೈಯಲ್ಲಿರುವ ದೋಣಿಯನ್ನು ಮುಗಿಸಿ ಬಂದುಬಿಡುತ್ತೇನೆ.

ಬರೆದ ಮೇಲೆ ಓದಿ ನೋಡಿದೆ. ಈ ಮಾತನ್ನು ಮೊದಲೂ ಒಮ್ಮೆ ಹೇಳಿದ್ದೆ. ನೀನು ನಂಬದಿದ್ದರೆ ತಪ್ಪಲ್ಲ. ನಂಬಬೇಡ, ನೋಡು.

ತಮ್ಮ


ಸೆಪ್ಟೆಂಬರ್ ೨೪

ತಮ್ಮಾ,

ನಂಬಿಲ್ಲ, ಆದರೂ ಹಿಂದಿನ ಕೋಣೆಯ ಬಟ್ಟೆ ಗಂಟುಗಳನ್ನೆಲ್ಲ ಅಟ್ಟಕ್ಕೆ ಹಾಕಿ ಗುಡಿಸಿಟ್ಟಿದ್ದೇನೆ. ಸುಣ್ಣ ಬಳಿಯಬೇಕು. ಅದು ನೀನು ಬಂದ ಮೇಲೆ ನಿನ್ನ ಕೆಲಸ.

ಇವತ್ತು ಟೀಚರ್ ಮನೆಗೆ ಬಂದಿದ್ದರು, ತರಗತಿಯ ಕಿಟಕಿಗೆ ಪರದೆ ಹೊಲಿಸಲು. ಅಳತೆ ಕೊಟ್ಟು, ಬಟ್ಟೆ ಆರಿಸಿ, ಹೊರಟವರು ಬಾಗಿಲಲ್ಲಿ ನಿಂತು, “ನಿಮಗೆ ಸೂಜಿ ಏನೂ ಹೇಳಲಿಲ್ವಾ?” ಎಂದರು. ಇಲ್ಲ ಎಂದೆ. ಅವರು ಒಳಗೆ ಬಂದು ಮತ್ತೆ ಕೂತರು. ನಾನು ಕತ್ತರಿ ಆಡಿಸುತ್ತಲೇ ಕೇಳುತ್ತಿದ್ದೆ.

ನಿನ್ನೆ ಕೂಡುವ ಲೆಕ್ಕ ನಡೆಯುತ್ತಿತ್ತಂತೆ. ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಿದ್ದಾಗ ಇವಳೊಬ್ಬಳು ಎದ್ದು ನಿಂತಳಂತೆ. “ಏನಮ್ಮಾ, ಉತ್ತರ ಬಂತಾ?” ಎಂದು ಟೀಚರ್ ಕೇಳಿದರೆ, “ಇಲ್ಲ ಟೀಚರ್, ನನ್ನ ಸರದಿ ಮುಗಿದಿಲ್ಲ ಅಂದಿದ್ರಲ್ಲ, ಈಗ ಹೇಳ್ಲಾ?” ಎಂದಳಂತೆ. ಹೇಳು ಎಂದರು. ಇವಳು ಕುರ್ಚಿಯ ಹಿಂದೆ ಹೋಗಿ ನಿಂತು, ಒರಗುವ ಹಲಗೆಯ ಮೇಲೆ ಕೈಯಿಟ್ಟು, ಇಡೀ ತರಗತಿಗೆ ಕೇಳಿಸುವ ಹಾಗೆ ಹೇಳಿದಳಂತೆ. ಟೀಚರ್ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ನೀನು ಹಾಗೆ ಬರೆದರೇ ಒಪ್ಪುವವನು.

“ಆವತ್ತು ಜಗುಲೀಲಿ ಇದ್ರಲ್ಲ, ಅವರು ನಮ್ಮಪ್ಪ. ಮೊದ್ಲು ಗೊತ್ತಿರ್ಲಿಲ್ಲ, ಈಗ ಗೊತ್ತು. ಅವರು ನಿದ್ದೇಲಿ ಗೊರಕೆ ಹೊಡೀತಾರೆ. ಅಳತೆ ತಪ್ಪು ಮಾಡ್ತಾರೆ. ಹೇಳಿದ್ರೆ ಬಂದು ಸರಿ ಮಾಡ್ತಾರೆ.”

ಇಷ್ಟು ಹೇಳಿ ಕೂತು ಲೆಕ್ಕ ಮುಂದುವರಿಸಿದಳಂತೆ. ನಾನು ಪರದೆಯ ಬಟ್ಟೆಯನ್ನು ಒಂದು ಮೊಳ ಗಿಡ್ಡ ಕತ್ತರಿಸಿಬಿಟ್ಟಿದ್ದೆ. ಹೊಸ ಬಟ್ಟೆ ತರಿಸಬೇಕು. ಶನಿವಾರ ಬೇಗ ಬಾ.

ಅಕ್ಕ